ಮಾಲ್ಡೀವ್ಸ್ ಎಂದು ಹೇಳಿದ್ದೇನೆ

ಸಿರುಗುಪ್ಪ

ಅಂಬುಜಾಳ ಅಪ್ಪನವರಿಗೆ,

ಇಲ್ಲಿ ನಾನೂ ಮಗಳೂ ಚೆನ್ನಾಗಿದ್ದೇವೆ. ನಿನ್ನೆ ಗೊಬ್ಬರ ಕಂಪನಿಯ ಹೊಸ ಮ್ಯಾನೇಜರು ಮನೆಗೆ ಬಂದಿದ್ದರು. ನೀವು ನಡೆಸುತ್ತಿರುವ ಕುರುಗೋಡಿನ ನಮ್ಮ ಅಂಗಡಿ ಈ ವರ್ಷವೂ ಮಾರಾಟದ ಟಾರ್ಗೆಟ್ ಮುಟ್ಟಿದೆಯಂತೆ. ಗಂಡ ಹೆಂಡತಿಗೆ ಮತ್ತೆ ಸಮುದ್ರದ ಟೂರು ಕೊಡುತ್ತಾರಂತೆ. ಬಾಲಿಯೋ, ಮಾಲ್ಡೀವ್ಸೋ, ಫುಕೆಟ್ಟೋ ನೀವೇ ಆರಿಸಿ ಎಂದು ಫೋಟೊ ತೋರಿಸಿದರು.

“ಅಕ್ಕಾರ, ಹೋದ ವರ್ಷ ಫುಕೆಟ್‌ನ್ಯಾಗ ತೆರಿ ಕಾಲಿಗಿ ಬಡದಾಗೆಲ್ಲ ನೀವು ಭಾಳ ನಗತಿದ್ರಂತ. ನಮ್ಮ ಸಾಹೇಬ್ರು ಇನ್ನೂ ನೆನಸ್ತಾರ ನೋಡ್ರಿ,” ಅಂದರು.

ನಾನು ಹೌದೆಂದೆ. ಚಹಾ ಕೊಟ್ಟೆ. ನನ್ನ ಹತ್ತಿರ ಪಾಸ್‌ಪೋರ್ಟೇ ಇಲ್ಲವೆಂದು ಹೇಳಲಿಲ್ಲ.

ನೀವಿಬ್ಬರೂ ಫುಕೆಟ್ ನೋಡಿರುವುದರಿಂದ ಮಾಲ್ಡೀವ್ಸ್ ಎಂದು ಹೇಳಿದ್ದೇನೆ. ಫೋಟೊದಲ್ಲಿ ಅಲ್ಲಿನ ನೀರು ಅಲುಗಾಡದೆ ನಿಂತಂತೆ ಕಾಣಿಸಿತು. ನಿಮ್ಮ ಜೊತೆ ಬರುವವರಿಗೆ ತೆರೆಯೇ ಬೇಕೆಂದರೆ ನೀವು ಬಾಲಿಗೆ ಬದಲಾಯಿಸಿಕೊಳ್ಳಿ.

ಅಂಗಿಗಳನ್ನು ಇಸ್ತ್ರಿ ಮಾಡಿ ಈ ಪತ್ರದ ಜೊತೆ ಬಸ್ಸಿಗೆ ಕೊಟ್ಟಿದ್ದೇನೆ, ಇಳಿಸಿಕೊಳ್ಳಿ.

ಇನ್ನೊಂದು ಮಾತು. ಹೋದ ವರ್ಷ ನೀವು ಹೈದರಾಬಾದಿನ ಮೀಟಿಂಗ್ ಮುಗಿಸಿ ಬಂದಾಗ ಪ್ಯಾಂಟಿನ ಜೇಬಿನಲ್ಲಿ ಬಿಳಿ ಮರಳಿತ್ತು. ಕೊಡವಿ ಒಗೆದಿದ್ದೆ. ಈ ಸಲ ಅಲ್ಲೇ ಕೊಡವಿಕೊಂಡು ಬನ್ನಿ.

ಇಂತಿ,
ನೀಲಾವತಿ