ವಜ್ದಿ ಬರೆದ ಅಂಕ

ಜುಲೈ ೧೯, ಐನ್ ದ್ರಾಹಮ್ ತರಬೇತಿ ಶಿಬಿರ

ವಜ್ದಿಯ ತೊಡೆಯ ಸ್ನಾಯು ಹರಿದಿದೆ, ಎರಡು ತಿಂಗಳು ಆಟವಿಲ್ಲ ಎಂದು ತಂಡದ ವೈದ್ಯ ನಜ್ಮೆದ್ದೀನ್ ಸಂಜೆ ಹೇಳಿದರು.

ಆಟಗಾರರು ದಿನಾ ಬೆಳಿಗ್ಗೆ ಮೈನೋವಿಗೆ ಅಂಕ ಬರೆದು ಕೊಡುತ್ತಾರೆ. ಒಂದೆಂದರೆ ನೋವೇ ಇಲ್ಲ, ಏಳೆಂದರೆ ತೀರಾ ನೋವು. ಅದನ್ನು ನೋಡಿ ಓಟ ತಗ್ಗಿಸುವುದು ಫಿಟ್‌ನೆಸ್ ಕೋಚ್ ಆದ ನನ್ನ ಕೆಲಸ. ಮೊನ್ನೆ ವಜ್ದಿ ಆರು ಬರೆದಿದ್ದ. ತಿಂಡಿಯ ಹೊತ್ತಿಗೆ ಎಲ್ಲರೆದುರು ಅದನ್ನು ಓದಿ, "ಏನಮ್ಮಾ ಮದುಮಗಳೇ, ಕಾಲಿಗೆ ಗೋರಂಟಿ ಹಚ್ಚಿಸ್ಲಾ?" ಎಂದೆ. ಎಲ್ಲರೂ ನಕ್ಕರು, ಅವನೂ ನಕ್ಕ. ನಿನ್ನೆ ಒಂದು ಬರೆದ, ಇವತ್ತೂ ಒಂದೇ. ನಾನು ನಂಬಿದೆ. ಇಲ್ಲ, ನಂಬಲಿಲ್ಲ, ಆದರೂ ಓಡಿಸಿದೆ.

ಸ್ಟ್ರೆಚರ್ ಮೇಲೆ ಮಲಗಿದ್ದವನು, "ಬೈಬೇಡಿ ಕೋಚ್, ನಾನೇ ಸುಳ್ಳು ಬರ್ದೆ" ಎಂದ. ನಾನು ಹೌದೆಂದು ತಲೆಯಾಡಿಸಿದೆ. ಅವನೇ ಸುಳ್ಳು ಬರೆದ ಎಂದು ವೈದ್ಯರಿಗೂ ಹೇಳಿದೆ.

ನಾಳೆ ಎಂಟಕ್ಕೆ ಮುಖ್ಯ ಕೋಚ್‌ಗೆ ಗಾಯದ ಕಾರಣ ಬರೆದುಕೊಡಬೇಕು.