ಹುಟ್ಟುಹಬ್ಬಕ್ಕೆ ಸಂತಾಪ ಸೂಚಿಸಿದ ಸಾಹೇಬರಿಗೆ

ಮಾನ್ಯ ತಾಲ್ಲೂಕು ಶಿಕ್ಷಣಾಧಿಕಾರಿಗಳೇ,

ತಮಗೂ ಈ ಬಹಿರಂಗ ಪತ್ರ ಓದುವ ಸಮಸ್ತ ನಾಗರಿಕರಿಗೂ ಈ ಮೂಲಕ ಘೋಷಿಸುವುದೇನೆಂದರೆ, ಜಾವಗಲ್ ವಾಸಿಯಾದ ನಮ್ಮ ಅವ್ವ ಹನುಮಕ್ಕನ ಕನ್ನಡಕದಲ್ಲಿ ಸದ್ಯಕ್ಕೆ ಒಂದೇ ಗಾಜಿದೆ. ಎಡಗಣ್ಣಿಗೆ ಗಾಜು, ಬಲಗಣ್ಣಿಗೆ ಬರೀ ಗಾಳಿ. ಇನ್ನೊಂದು ಗಾಜು ಅರಸೀಕೆರೆಯಲ್ಲಿ, ನಿಮ್ಮ ಕಚೇರಿಯ ಪಕ್ಕದ ಸಭಾಂಗಣದಲ್ಲಿ, ನೀವೇ ಹಾಕಿಸಿದ ಬೀಗದ ಹಿಂದೆ, ವಿಜ್ಞಾನಿಯೊಬ್ಬರ ಹುಟ್ಟುಹಬ್ಬದ ದುಃಖ ಆಚರಿಸುತ್ತಾ ಕೂತಿದೆ. ಹುಟ್ಟುಹಬ್ಬಕ್ಕೆ ದುಃಖವೇಕೆ ಎಂದು ಓದುಗರು ಕೇಳಬಹುದು. ನಾನೂ ಅದನ್ನೇ ಕೇಳುತ್ತಿದ್ದೇನೆ.

ನನ್ನ ಮಗಳು ನಂದಿತಾ ಒಂಬತ್ತನೇ ಕ್ಲಾಸು. ಬಟ್ಟೆ ಅಂಗಡಿಯವರು ಎಸೆದ ರಟ್ಟಿನ ಕೊಳವೆ, ವಾಚ್ ರಿಪೇರಿ ಲೋಕೇಶ್ ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಹಳೇ ಭೂತಗಾಜು, ಅಜ್ಜಿಯ ಓದುವ ಕನ್ನಡಕದ ಒಂದು ಗಾಜು, ಇಷ್ಟನ್ನು ಸೇರಿಸಿ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ದೂರದರ್ಶಕ ಮಾಡಿದಳು. ಅದರಲ್ಲಿ ಕೆರೆಯಾಚೆಯ ತೆಂಗಿನ ಮರ ಅಂಗಳಕ್ಕೇ ಬಂದು ನಿಲ್ಲುತ್ತದೆ, ತಲೆಕೆಳಗಾಗಿ. ಮರದ ಮೇಲಿದ್ದ ಹದ್ದನ್ನು ನೋಡಿ ಅವ್ವ, "ಇದೇನ್ಲಾ, ಹದ್ದು ಬಾವಲಿ ಆಗೋಯ್ತು!" ಎಂದು ಕೂಗಿಕೊಂಡಳು. ಆಮೇಲೆ ಮೊಮ್ಮಗಳಿಗೆ, "ತಗಂಡೋಗು ಕಣೇ. ಪ್ರದರ್ಶನ ಮುಗಿಯೋಗಂಟ ಒಂದೇ ಕಣ್ಣು ಸಾಕು ಬಿಡು" ಅಂದಳು. ನಿಮ್ಮ ಮೇಲೆ ಆಕೆಗೆ ಅಷ್ಟು ನಂಬಿಕೆ.

ಪ್ರದರ್ಶನದ ದಿನ ಮಕ್ಕಳೆಲ್ಲ ಸಭಾಂಗಣದಲ್ಲಿ ಮಾದರಿಗಳನ್ನು ಜೋಡಿಸಿಟ್ಟು ಕಾಯುತ್ತಿದ್ದರು. ನಾನು ನಿಮ್ಮ ಕೋಣೆಯ ತೆರೆದ ಬಾಗಿಲಿನ ಹೊರಗಿನ ಬೆಂಚಿನ ಮೇಲಿದ್ದೆ. ಒಳಗೆ ಗುಮಾಸ್ತರಾದ ಷಡಕ್ಷರಪ್ಪನವರು ಕಚೇರಿಗೆ ಹೊಸದಾಗಿ ಬಂದಿದ್ದ ಕಂಪ್ಯೂಟರಿನಲ್ಲಿ, ಬೇಕಾದ್ದನ್ನು ಹುಡುಕಿಕೊಡುವ ಆ ಪ್ರಖ್ಯಾತ ಜಾಲತಾಣವನ್ನು ತೆರೆದರು. ದೊಡ್ಡ ವಿಜ್ಞಾನಿಗಳ ಹುಟ್ಟುಹಬ್ಬ ಬಂದರೆ ಆ ತಾಣದವರು ತಮ್ಮ ಹೆಸರಿನ ಅಕ್ಷರಗಳನ್ನೇ ಬಗ್ಗಿಸಿ ತಿರುಗಿಸಿ ಚಿತ್ರ ಬರೆಯುತ್ತಾರೆ. ಅವತ್ತು ಒಂದು ಅಕ್ಷರ ದೂರದರ್ಶಕವಾಗಿತ್ತು, ಇನ್ನೊಂದಕ್ಕೆ ಗಡ್ಡ ಬಂದಿತ್ತು. ನೀವು ಬಗ್ಗಿ ನೋಡಿದಿರಿ.

"ಯಾರ್ರೀ ಇದು, ಗಡ್ಡದೋರು?"

"ದೊಡ್ಡ ವಿಜ್ಞಾನಿಗಳು ಸಾರ್. ಇವತ್ತು ಇವರ್ದೇ ಚಿತ್ರ ಹಾಕವ್ರೆ."

"ಅಯ್ಯೋ ಪಾಪ! ಯಾವಾಗ ಹೋದ್ರಂತೆ?"

"ಅದು ಗೊತ್ತಿಲ್ಲ ಸಾರ್. ಹೋಗಿರೋದಂತೂ ಖಂಡಿತ."

ನಿಮ್ಮನ್ನು ಪೂರ್ತಿ ದೂರಲಾರೆ. ನಮ್ಮ ಕಡೆ ಸರ್ಕಲ್ಲಿನಲ್ಲಿ ಒಬ್ಬರ ಚಿತ್ರ ದೊಡ್ಡದಾಗಿ ಕಂಡರೆ ಒಂದೋ ಅವರು ತೀರಿಕೊಂಡಿರಬೇಕು, ಇಲ್ಲವೇ ಚುನಾವಣೆಗೆ ನಿಂತಿರಬೇಕು. ಪಕ್ಷದ ಚಿಹ್ನೆ ಕಾಣದ್ದರಿಂದ ನೀವು ಸಾವೆಂದೇ ತೀರ್ಮಾನಿಸಿದಿರಿ. ಕಂಪ್ಯೂಟರಿಗೆ ಸೇವಂತಿಗೆ ಹಾರ ಬಿತ್ತು, ಊದುಬತ್ತಿ ಹೊಗೆಯಾಡಿತು. ಸಭಾಂಗಣಕ್ಕೆ ಬಂದು ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ, "ವಿಜ್ಞಾನ ಲೋಕಕ್ಕೆ ತುಂಬಲಾರದ ನಷ್ಟ" ಎಂದು ಗದ್ಗದಿತರಾದಿರಿ. ನಂದಿತಾ ಕೈಯೆತ್ತಿದಳು.

"ಸಾರ್, ಅವರು ಸತ್ತು ಮುನ್ನೂರು ವರ್ಷದ ಮೇಲಾಯ್ತು. ಇವತ್ತು ಅವರು ಹುಟ್ಟಿದ ದಿನ."

"ಸತ್ತೋರ ವಿಷಯದಲ್ಲಿ ಹಂಗೆಲ್ಲ ಮಾತಾಡಬಾರದು ಕಣಮ್ಮ" ಅಂದಿರಿ. ಮೌನಾಚರಣೆ ಮುಗಿದದ್ದೇ, ಗೌರವಾರ್ಥವಾಗಿ ಪ್ರದರ್ಶನವನ್ನು ಮುಂದಿನ ಆದೇಶದವರೆಗೆ ಮುಂದೂಡಿ, ಮಾದರಿಗಳ ಸಮೇತ ಸಭಾಂಗಣಕ್ಕೆ ಬೀಗ ಜಡಿಸಿದಿರಿ.

ವಿಜ್ಞಾನಿಗೆ ಗೌರವ ಸಲ್ಲಿಸಲು ವಿಜ್ಞಾನವನ್ನೇ ಕೂಡಿಹಾಕಿದ ಅಧಿಕಾರಿ ಭೂಮಂಡಲದಲ್ಲಿ ಇನ್ನೊಬ್ಬರಿದ್ದಾರೆಯೇ? ಬೇಲೂರು, ಹಳೇಬೀಡಿನ ಶಿಲ್ಪಿಗಳೂ ತೀರಿಕೊಂಡಿದ್ದಾರೆಂಬ ಸುದ್ದಿ ತಮಗಿನ್ನೂ ತಲುಪಿಲ್ಲವೆಂದು ಕಾಣುತ್ತದೆ. ತಲುಪಿದ ದಿನ ಇಡೀ ಜಿಲ್ಲೆಗೇ ಬೀಗ ಬೀಳುವುದು ಗ್ಯಾರಂಟಿ. ಆ ವಿಜ್ಞಾನಿಯ ಹೆಸರನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ಬರೆದರೆ ಅವರ ಮನೆಯವರಿಗೆ ತಾವು ಸಂತಾಪದ ತಂತಿ ಕಳಿಸುವಿರಿ.

ತಪ್ಪು ತಿಳಿಯುವುದು ತಪ್ಪಲ್ಲ ಸ್ವಾಮಿ. ಆದರೆ ನಿಜ ತಿಳಿದ ಮೇಲೂ ಬೀಗ ಹಾಗೇ ಇದೆಯಲ್ಲ? ಅದೇಕೆಂದು ಷಡಕ್ಷರಪ್ಪನವರನ್ನು ಕೇಳಿದೆ. ಅತ್ತಿತ್ತ ನೋಡಿ, "ಸಾಹೇಬ್ರಿಗೆ ಮಾರನೇ ದಿನವೇ ಗೊತ್ತಾಯ್ತು ಕಣ್ರೀ. ಈಗ ಬೀಗ ತೆಗೆದ್ರೆ ಯಾಕೆ ಹಾಕಿದ್ರಿ ಅಂತ ಮೇಲಿನೋರು ಕೇಳಲ್ವಾ?" ಎಂದರು. ಅಂದರೆ ನಿಮ್ಮ ಮಾನ ಒಳಗೆ ಬಚ್ಚಿಟ್ಟುಕೊಂಡಿದೆ, ಮಕ್ಕಳ ಮಾದರಿಗಳು ಅದಕ್ಕೆ ಕಾವಲು! ಬರುವ ಶನಿವಾರ ಹಾಸನದಲ್ಲಿ ಜಿಲ್ಲಾ ಪ್ರದರ್ಶನ. ತಾಲ್ಲೂಕಿನಲ್ಲಿ ಆಯ್ಕೆಯಾಗದೆ ಅಲ್ಲಿಗೆ ಪ್ರವೇಶವಿಲ್ಲ. ಮಗಳು ದಿನಾ ಸ್ಕೂಲಿಂದ ಬಂದವಳೇ ನನ್ನ ಮುಖ ನೋಡುತ್ತಾಳೆ. ಈಚೆಗೆ ಬಾಯಿಬಿಟ್ಟು ಕೇಳುವುದನ್ನೂ ನಿಲ್ಲಿಸಿದ್ದಾಳೆ.

ಅವ್ವನಿಗೆ ಹೊಸ ಗಾಜು ಹಾಕಿಸುತ್ತೇನೆಂದೆ. ಅವಳು ನನ್ನ ಕೈಯಿಂದ ಕನ್ನಡಕವನ್ನೇ ಕಿತ್ತುಕೊಂಡಳು. "ಬ್ಯಾಡ ಕಣ್ಲಾ. ನಾನು ಹೊಸಾದು ಹಾಕಿಸ್ಕಂಡ್ರೆ, ಮಗೀನ ದುರ್ಬೀನು ಇನ್ ಬರಾಕಿಲ್ಲ ಅಂತ ಒಪ್ಕಂಡಂಗಾಯ್ತದೆ."

ಆದ್ದರಿಂದ ಶನಿವಾರದೊಳಗೆ ಬೀಗ ತೆಗೆಸಿ, ತೀರ್ಪುಗಾರರನ್ನು ಕರೆಸಿ, ಪ್ರದರ್ಶನ ನಡೆಸಬೇಕೆಂದು ಒತ್ತಾಯಿಸುತ್ತೇನೆ. ಕ್ಷಮೆ ಕೇಳುವ ಕಷ್ಟ ತಮಗೆ ಬೇಡ. ಮೇಲಿನವರು ಕೇಳಿದರೆ, ವಿಜ್ಞಾನಿಗಳು ಚೇತರಿಸಿಕೊಂಡಿದ್ದಾರೆಂದು ಒಂದು ಸುತ್ತೋಲೆ ಹೊರಡಿಸಿ. ಆಕ್ಷೇಪಿಸಲು ಅವರೇನೂ ಬರುವುದಿಲ್ಲ.

ಅಲ್ಲಿಯವರೆಗೆ ಒಂದು ಸಣ್ಣ ಉಪಕಾರ. ದೂರದರ್ಶಕ ಇರುವುದು ರಸ್ತೆ ಕಡೆಯ ಕಿಟಕಿ ಪಕ್ಕದ ಮೇಜಿನ ಮೇಲೆ. ಆ ಕಿಟಕಿಯ ಒಂದು ರೆಕ್ಕೆ ಒಳಮುಖವಾಗಿ ತೆರೆದೇ ಇದೆ, ನಿನ್ನೆ ಹೊರಗಿನಿಂದ ಸರಳುಗಳ ಸಂದಿಯಲ್ಲಿ ಇಣುಕಿ ನೋಡಿ ಬಂದೆ, ಕೈ ಎಟುಕಲಿಲ್ಲ. ಸಂಜೆ ಸಂಜೆ ಮೋಡ ಕಟ್ಟುತ್ತಿದೆ, ಕೊಳವೆ ರಟ್ಟಿನದು. ಯಾರಿಗಾದರೂ ಹೇಳಿ ಆ ರೆಕ್ಕೆಯನ್ನು ಮುಚ್ಚಿಸಿಬಿಡಿ.

ಇಂತಿ,
ಅವ್ವನ ಬದಲು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಕೂತಿರುವ,
ನಂದಿತಾಳ ಅಪ್ಪ
ಜಾವಗಲ್