ಬಾಚಣಿಗೆಯಲ್ಲಿ ಎರಡು ರಾಜ

ಪ್ರೀತಿಯ ಅಪ್ಪನಿಗೆ,

ಕಾಗದ ಬರೆಯುವಾಗ ಮೊದಲು ಕ್ಷೇಮ ಕೇಳಬೇಕು ಎಂದು ಶಾಲೆಯಲ್ಲಿ ಕಲಿಸಿದ್ದರು. ನಿನ್ನನ್ನು ಹಾಗೆ ಕೇಳುವಂತಿಲ್ಲ. ನಾವು ಕ್ಷೇಮ ಎಂದು ಬರೆಯೋಣವೆಂದರೆ ಅತ್ತೆ ಪಕ್ಕದಲ್ಲೇ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದಾಳೆ. ನಿನ್ನ ತಂಗಿಯ ಮೂಗು ನಿನಗೆ ಗೊತ್ತಲ್ಲ, ಸುಳ್ಳು ಬರೆದರೆ ಅಲ್ಲಿಂದಲೇ ವಾಸನೆ ಹಿಡಿಯುತ್ತಾಳೆ. ಹಾಗಾಗಿ ಇದ್ದದ್ದನ್ನೇ ಬರೆಯುತ್ತೇನೆ. ನೀನು ಹೋದ ಮೇಲೆ ದಿನಾ ಡೈರಿಯಲ್ಲಿ ನಾಲ್ಕು ಸಾಲು ಗೀಚುವುದು ಅಭ್ಯಾಸವಾಗಿದೆ. ನಲ್ಲಿಯಲ್ಲಿ ನೀರು ಬಂತು, ಕರೆಂಟು ಹೋಯಿತು, ಅತ್ತೆಗೆ ಮಂಡಿ ನೋವು, ಹೀಗೆ. ನಿನಗೆ ಹೇಳಬೇಕಾದದ್ದನ್ನು ಮಾತ್ರ ಅದರಲ್ಲಿ ಬರೆಯಲಾಗಲಿಲ್ಲ.

ವಿಶ್ವವಿದ್ಯಾಲಯದಿಂದ ಸಂಖ್ಯಾಶಾಸ್ತ್ರದ ಮೇಡಂ ಫೋನ್ ಮಾಡಿದ್ದರು. "ನಿನ್ನ ಸೀಟನ್ನ ಇಷ್ಟು ದಿನ ಹೇಗೋ ಹಿಡಿದಿಟ್ಟಿದ್ದೀನಿ ಕಣಮ್ಮ. ಈ ಶುಕ್ರವಾರ ದಾಟಿದರೆ ನನ್ನ ಕೈಯಲ್ಲೂ ಏನಿಲ್ಲ. ಬರ್ತೀಯೋ ಇಲ್ವೋ, ಒಂದು ಮಾತು ಹೇಳಿಬಿಡು" ಎಂದರು. ಹೇಳುತ್ತೇನೆ ಎಂದು ಫೋನ್ ಇಟ್ಟೆ. ಆ ಒಂದು ಮಾತು ವಾರವಿಡೀ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು. ಯಾಕೆಂದರೆ ಇನ್ನೊಂದು ಕಡೆ ಟೈರ್ ಅಂಗಡಿಯ ಮೇಲಿನ ಕೋಣೆಯಿದೆ. ಅಲ್ಲಿನ ಹಸಿರು ಬಟ್ಟೆಯ ಮೇಜಿನಲ್ಲಿ, ಕಿಟಕಿಗೆ ಬೆನ್ನು ಹಾಕಿದ ಕುರ್ಚಿ ನನ್ನದು. ನಾನು ಹೋಗದ ದಿನವೂ ಅದರಲ್ಲಿ ಬೇರೆ ಯಾರೂ ಕೂರುವುದಿಲ್ಲ. ನೀನು ಹಾಸಿಗೆ ಹಿಡಿದ ಮೇಲೆ ಈ ಮನೆಯ ಒಲೆ ಉರಿದದ್ದು, ನಿನ್ನ ಮಾತ್ರೆ ಬಂದದ್ದು ಆ ಕುರ್ಚಿಯಿಂದ. ಪೋಕರ್ ನನ್ನ ಕಸುಬು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು, ಆದರೆ ಆಗಿದ್ದು ಕಸುಬೇ.

ಅತ್ತೆ ಸುಮ್ಮನಿರುವವಳೇ? "ಇಸ್ಪೀಟಾಡಿ ಉದ್ಧಾರ ಆದೋರು ಒಬ್ಬರನ್ನ ತೋರಿಸೆ. ಹಾಳಾದೋರನ್ನ ಬೇಕಾದ್ರೆ ನಾನು ಬೆಳಗಿಂದ ಸಂಜೆವರೆಗೂ ಎಣಿಸ್ತೀನಿ" ಎನ್ನುತ್ತಿದ್ದಳು. ನಾನು ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟುವಾಗ ಅದೇ ಬಾಯಿಯಲ್ಲಿ, "ಬರ್ತಾ ನಿಮ್ಮಪ್ಪನ ಮಾತ್ರೆ ಮರೀಬೇಡ, ಆ ಕೆಂಪು ಡಬ್ಬೀದು" ಎಂದೂ ಹೇಳುತ್ತಿದ್ದಳು.

ಇಸ್ಪೀಟಿನ ಎಲೆ ಹಿಡಿಯುವುದನ್ನು ಕಲಿಸಿದವನು ನೀನೇ. ಅಮ್ಮ ಇಲ್ಲದ ಮಗುವನ್ನು ಮನೆಯಲ್ಲಿ ಒಂಟಿಯಾಗಿ ಬಿಡಲಾಗದೆ ಶಾಲೆ ಬಿಟ್ಟ ಕೂಡಲೇ ನಿನ್ನ ಕ್ಷೌರದಂಗಡಿಗೆ ಕರೆದುಕೊಂಡು ಬರುತ್ತಿದ್ದೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ನೀನು ಮೊದಲು ಮಾಡುತ್ತಿದ್ದ ಕೆಲಸ, ಗೋಡೆಯ ದೊಡ್ಡ ಕನ್ನಡಿಗೆ ಒದ್ದೆ ಟವೆಲ್ ಹೊದಿಸುವುದು. "ಕನ್ನಡಿ ಇರೋ ಕಡೆ ಎಲೆ ಬಿಚ್ಚಬಾರದು. ನೋಡಬೇಡ ಅಂದ್ರೂ ಕಣ್ಣು ಕೇಳಲ್ಲ" ಎನ್ನುತ್ತಿದ್ದೆ. ಆಮೇಲೆ ಸ್ಟೂಲಿನ ಮೇಲೆ ಆಟ. ಕನ್ನಡಿಗೆ ಟವೆಲ್ ಬಿದ್ದದ್ದು ಕಂಡರೆ ಬೀದಿಯವರು, "ಓ, ಅಪ್ಪ ಮಗಳ ಕೋರ್ಟು ನಡೀತಿದೆ, ಆಮೇಲೆ ಬರೋಣ" ಎಂದು ಹೊರಟುಬಿಡುತ್ತಿದ್ದರು.

ಗಿರಾಕಿಗಳಿದ್ದಾಗ ನಾನು ಬೆಂಚಿನ ತುದಿಯಲ್ಲಿ ಕೂತು ಮುಖಗಳನ್ನು ನೋಡುತ್ತಿದ್ದೆ. ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಳ್ಳುವವರಿಗೆ ಬೇರೆಯವರು ನೋಡುತ್ತಿರುವುದು ತಿಳಿಯುವುದಿಲ್ಲ. ಬಾಯಲ್ಲಿ "ಚೆನ್ನಾಗಿದೆ" ಎನ್ನುತ್ತಲೇ ಕೆನ್ನೆ ಬಿಗಿ ಹಿಡಿದವರು ಮತ್ತೆ ನಮ್ಮ ಅಂಗಡಿಗೆ ಬರುವುದಿಲ್ಲವೆಂದು ನನಗೆ ಮೊದಲೇ ಗೊತ್ತಾಗುತ್ತಿತ್ತು. ಕೆಲವರು ಕುರ್ಚಿಯಲ್ಲಿ ಕೂತು, "ನೀವೇ ನೋಡಿ ಏನಾದ್ರೂ ಮಾಡಿ" ಎಂದರೆ ನೀನು ಕತ್ತರಿ ಕೆಳಗಿಟ್ಟುಬಿಡುತ್ತಿದ್ದೆ. "ತಲೆ ನಿಮ್ದು ಸ್ವಾಮಿ, ಕತ್ತರಿ ಮಾತ್ರ ನಂದು. ನೀವು ಹೇಳೋವರೆಗೂ ಇದು ಬಾಯಿ ಬಿಡಲ್ಲ." ನನ್ನ ತಲೆಯ ವಿಷಯದಲ್ಲೂ ಅಷ್ಟೇ. ಎರಡು ಸುಳಿ ಇರುವ ನನ್ನ ಕೂದಲು ಯಾವ ಕಡೆಗೂ ಕೂರದೆ ನಿಲ್ಲುತ್ತಿತ್ತು. "ನನ್ನ ಜೋಡಿಸುಳೀನ ಬಾಚೋಕೆ ನನ್ನಪ್ಪನಿಂದಲೂ ಆಗಲ್ಲ" ಎಂದು ನೀನು ನಗುತ್ತಿದ್ದೆ, ಆದರೂ ಒಂದು ಸಲವೂ ಬೈತಲೆ ಎಲ್ಲಿ ತೆಗೆಯಲಿ ಎಂದು ಕೇಳದೆ ಬಾಚಣಿಗೆ ಇಟ್ಟವನಲ್ಲ.

ನಾನು ವಿಶ್ವವಿದ್ಯಾಲಯದ ಎರಡನೆಯ ವರ್ಷದಲ್ಲಿದ್ದಾಗ ನೀನು ಅಂಗಡಿಯಲ್ಲಿ ಬಿದ್ದೆ. ಬಲಗೈ, ಬಲಗಾಲು, ಮುಖದ ಬಲಭಾಗ, ಮಾತು, ಎಲ್ಲ ಒಟ್ಟಿಗೆ ಹೋದವು. ನಾಲಗೆಯಲ್ಲಿ ಉಳಿದದ್ದು ಒಂದೇ ಪದ. ಪ್ರತಿ ಕ್ಷೌರ ಮುಗಿದಾಗ ಬಟ್ಟೆ ಕೊಡವಿ ಹೇಳುತ್ತಿದ್ದ "ಆಯ್ತು". ಹಸಿವಿಗೂ ಆಯ್ತು, ನೋವಿಗೂ ಆಯ್ತು, ಬಾಗಿಲು ಹಾಕು ಎನ್ನಲೂ ಆಯ್ತು. "ಅವನಿಗೆ ಎಲ್ಲ ತಿಳಿಯುತ್ತೆ ಕಣ್ರೀ, ಬಾಯಿಗೆ ಮಾತ್ರ ಬೀಗ ಬಿದ್ದಿದೆ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಳು. ನಾನು ಓದು ಬಿಟ್ಟು ಬಂದೆ. ಬಿಡು ಎಂದು ಯಾರೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅಂಗಡಿ ಬೇರೆಯವರ ಪಾಲಾಯಿತು. ಕನ್ನಡಿ ಮಾತ್ರ ಅತ್ತೆಯ ಹಟದಿಂದ ಮನೆಗೆ ಬಂತು. ಬೇರೆ ಗೋಡೆ ಖಾಲಿ ಇರಲಿಲ್ಲವೆಂದು ಅದನ್ನು ನಿನ್ನ ಮಂಚದ ಹಿಂದೆಯೇ ನಿಲ್ಲಿಸಿದೆವು.

ಎಡಗೈಗಾದರೂ ಕೆಲಸ ಕೊಡಿ ಎಂದು ಆಸ್ಪತ್ರೆಯವರು ಹೇಳಿದಾಗ ನನಗೆ ಹೊಳೆದದ್ದು ಎಲೆಗಳು. ಒಂದೇ ಕೈಯಲ್ಲಿ ಎಲೆ ಹಿಡಿಯುವುದು, ಆಡುವುದು, ಎರಡೂ ಆಗುವುದಿಲ್ಲವಲ್ಲ. ಆಗ ನೀನು ಕಣ್ಣಿನಲ್ಲೇ ಕಪಾಟು ತೋರಿಸಿದೆ. ನಿನ್ನ ಅಗಲ ಹಲ್ಲಿನ ಹಳೆಯ ಬಾಚಣಿಗೆ ಅಲ್ಲಿತ್ತು. ಅದನ್ನು ಹಲಗೆಯ ಮೇಲೆ ಹಲ್ಲು ಮೇಲಾಗಿ ನಿಲ್ಲಿಸಿ, ಹಲ್ಲುಗಳ ನಡುವೆ ಎಲೆ ಸಿಕ್ಕಿಸಿದರೆ ನೆಟ್ಟಗೆ ನಿಂತವು. ಪೋಕರಿನಲ್ಲಿ ಕೈಗೆ ಎರಡೇ ಎಲೆ, ಉಳಿದ ಐದು ಎಲ್ಲರಿಗೂ ಸೇರಿ ನಡುವೆ ಬೀಳುತ್ತವೆ. ಬಾಚಣಿಗೆಗೆ ಅದೇ ಅನುಕೂಲವೆಂದು ಆ ಆಟ ಕಲಿತೆವು. ಪಣಕ್ಕೆ ತಲೆಪಿನ್ನುಗಳು. ನಿನ್ನ ಹಿಂದಿನ ಕನ್ನಡಿಗೆ, ಅಂಗಡಿಯ ಕಾನೂನಿನಂತೆ, ಟವೆಲ್.

ನಿನ್ನನ್ನು ನೋಡಲು ಬಂದ ಟೈರ್ ಅಂಗಡಿಯವರು ಒಂದು ಮಧ್ಯಾಹ್ನ ಈ ಆಟ ನೋಡುತ್ತಾ ಕೂತು, "ಏನಪ್ಪಾ ಇದು, ಈ ಹುಡುಗಿ ಮುಖ ತೊಳೆದಿಟ್ಟ ತಟ್ಟೆ ಥರ ಇದೆಯಲ್ಲ! ನಮ್ಮ ಮೇಲಿನ ಕೋಣೆಗೆ ಬಂದ್ರೆ ಎಲ್ಲರೂ ಚಡ್ಡೀಲಿ ಮನೆಗೆ ಹೋಗಬೇಕಾಗುತ್ತೆ" ಎಂದು ನಕ್ಕರು. ನಿನ್ನ ಮುಖದ ಎಡಭಾಗವೂ ನಕ್ಕಿತು. ನಾನು ನಗಲಿಲ್ಲ. ಮುಂದಿನ ವಾರ ಹೋದೆ.

ನನ್ನ ಓದನ್ನೇ ಪಣಕ್ಕಿಟ್ಟ ಆ ದಿನದ ವಿಷಯ ಬರೆಯದೆ ಮುಂದೆ ಹೋಗಲಾರೆ. ಮೇಡಂ ಮೊದಲ ಸಲ ಫೋನ್ ಮಾಡಿ, ವಾಪಸು ಬರುವುದಾದರೆ ದಾರಿ ಇದೆ ಎಂದಿದ್ದರು. ನಿರ್ಧಾರ ನನ್ನಿಂದಾಗಲಿಲ್ಲ. ಎಲೆ ಹಂಚಿ ನಿನಗೆ ಹೇಳಿದೆ: "ಅಪ್ಪಾ, ಇದು ಸುಮ್ಮನೆ ಆಟ ಅಲ್ಲ. ನೀನು ಗೆದ್ರೆ ನಾನು ಓದೋಕೆ ಹೋಗ್ತೀನಿ, ಹಾಸ್ಟೆಲಿಗೆ. ನಾನು ಗೆದ್ರೆ ಇಲ್ಲೇ, ಆ ಮೇಜೇ. ಒಪ್ಪಿಗೇನಾ?" ನೀನು ನನ್ನನ್ನು ನೋಡಿ "ಆಯ್ತು" ಎಂದೆ.

ನಡುವೆ ಬಿದ್ದ ಐದು ಎಲೆಗಳಲ್ಲಿ ಒಂದು ರಾಜ, ಒಂದು ಒಂಬತ್ತು. ನನ್ನ ಕೈಯಲ್ಲೂ ಒಂದು ಒಂಬತ್ತಿತ್ತು. ಬರೀ ಒಂದು ಜೋಡಿ. ನಿನ್ನನ್ನು ಬೆದರಿಸಲು ಇದ್ದ ಪಿನ್ನುಗಳನ್ನೆಲ್ಲ ಮುಂದೆ ತಳ್ಳಿದೆ. ನಿನ್ನ ಬಾಯಂಚಿನಿಂದ ಜೊಲ್ಲು ಇಳಿಯುತ್ತಿತ್ತು. ಒರೆಸಿಕೊಳ್ಳಲು ನೀನು ಎಡಗೈ ಹಿಂದೆ ಚಾಚಿ ಟವೆಲ್ ಎಳೆದೆ. ಕನ್ನಡಿ ಬಯಲಾಯಿತು. ನೋಡಬೇಡ ಅಂದರೂ ಕಣ್ಣು ಕೇಳಲಿಲ್ಲ. ಬಾಚಣಿಗೆಯಲ್ಲಿ ಎರಡು ರಾಜ, ನಡುವಿನದ್ದು ಸೇರಿ ಮೂರು. ನೀನು ಗೆದ್ದಾಗಿತ್ತು. ಟವೆಲನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಮುಖ ನೋಡುತ್ತಾ, ಆ ಬಾಚಣಿಗೆಯನ್ನು ಒಂದು ಬೆರಳಿನಿಂದ ಮೆಲ್ಲಗೆ ಬೋರಲು ಹಾಕಿದೆ. ಗೆದ್ದ ಆಟವನ್ನು ನೀನೇ ಬಿಟ್ಟುಕೊಟ್ಟೆ.

"ಕೈ ಜಾರಿರಬೇಕು ಬಿಡೆ" ಎಂದಳು ಅತ್ತೆ. ನಿನ್ನ ಕೈಯಿಂದ ಬಾಚಣಿಗೆ ಜಾರಿದ್ದು ಒಂದೇ ಸಲ, ನೀನು ಬಿದ್ದ ದಿನ. ಇದು ಜಾರಿದ್ದಲ್ಲ. ಮತ್ತೇನು? ತಲೆ ನಿನ್ನದು, ನೀನೇ ಹೇಳು ಎಂದೆಯಾ? ಓದಿಗಿಂತ ಇಸ್ಪೀಟೇ ವಾಸಿ ಎಂದೆಯಾ? ಅಥವಾ ನಾನು ಹಾಸ್ಟೆಲಿಗೆ ಹೋದರೆ ಎದುರು ಕೂರುವವರು ಯಾರು ಎಂದು ಹೆದರಿದೆಯಾ? ಊರಿನವರ ಮುಖವನ್ನೆಲ್ಲ ಓದಿ ಅನ್ನ ತಿನ್ನುವ ನನಗೆ ನಿನ್ನ ಅರ್ಧ ಮುಖ ಓದಲಾಗಲಿಲ್ಲ.

ಮೂರು ತಿಂಗಳಲ್ಲಿ ನೀನು ಹೋದೆ. ಅದನ್ನೂ ಹೇಳಿಬಿಡುತ್ತೇನೆ. ವಾರ್ಡಿನ ಬಾಗಿಲು ತೆರೆದು ಡಾಕ್ಟರು ಬಂದರು. ಬಾಯಿ ತೆರೆಯುವ ಮೊದಲು ಪೆನ್ನಿಗೆ ಮುಚ್ಚಳ ಹಾಕಿದರು. ಅಷ್ಟೇ ಸಾಕಾಯಿತು ನನಗೆ. ಆ ಗಳಿಗೆಯಲ್ಲಿ ಎದೆಯೊಳಗೆ, ಮೇಜಿನಲ್ಲಿ ಎದುರಾಳಿಯ ಎಲೆ ಸರಿಯಾಗಿ ಊಹಿಸಿದಾಗ ಆಗುತ್ತದಲ್ಲ, ಆ ಪುಟ್ಟ ಖುಷಿ ಮಿಂಚಿತು. ಹಿಡಿದೆ, ಅಂತ. ಅಳು ಬಂದದ್ದು ಅದರ ಹಿಂದೆ. ಅಪ್ಪಾ, ನೀನು ಇಲ್ಲವೆಂದು ತಿಳಿದ ಕ್ಷಣದಲ್ಲಿ ನನ್ನೊಳಗೆ ಯಾರೋ ಗೆದ್ದು ಕೂತಿದ್ದರು. ಅವತ್ತಿನಿಂದ ನನಗೆ ನನ್ನ ಭಯ.

ಆದರೂ ಮತ್ತೆ ಮೇಜಿಗೆ ಹೋದೆ. ಮತ್ತೆಲ್ಲಿಗೆ ಹೋಗಲಿ? ಆ ಕೋಣೆಯಲ್ಲಿ ಒಬ್ಬ ಮುದುಕರಿದ್ದಾರೆ. ಬಿಸಿಲಿರಲಿ ಮೋಡವಿರಲಿ ಕೊಡೆ ಇಲ್ಲದೆ ಬಂದವರಲ್ಲ, ಅದಕ್ಕೇ ಅವರು ಕೊಡೆ ತಾತ. ಒಳ್ಳೆಯ ಎಲೆ ಬಂದರೆ ಕೊಡೆಯನ್ನು ಕುರ್ಚಿಗೆ ನೇತು ಹಾಕುತ್ತಾರೆ, ಬರೀ ಬೆದರಿಕೆಯಾದರೆ ತೊಡೆಯ ಮೇಲಿಟ್ಟು ಹಿಡಿ ಸವರುತ್ತಾರೆ. ನಾನು ಎಷ್ಟೋ ಸಲ ಗೆದ್ದದ್ದು ಆ ಕೊಡೆಯಿಂದ. ಕಳೆದ ವಾರ ಅವರು ಬಹಳ ದಿನಗಳ ಮೇಲೆ ಬಂದರು. ಕೊಡೆ ಇರಲಿಲ್ಲ. "ಏನ್ ತಾತ, ಆಯುಧ ಎಲ್ಲಿ?" ಎಂದು ಟೈರ್ ಅಂಗಡಿಯವರು ರೇಗಿಸಿದರು. "ಹೊರಡುವಾಗ ಕೈಗೆ ಕೊಡೋಳು ನಮ್ಮನೆಯವಳಲ್ವಾ" ಎಂದರು ತಾತ. "ಹೋದ ತಿಂಗಳು ಹೋದಳು. ಮರೆತೇ ಬಂದೆ." ಎಲೆ ಹಂಚಿದರು.

ಸ್ವಲ್ಪ ಹೊತ್ತಿನಲ್ಲಿ ತಾತ ತಮ್ಮ ಮುಂದಿದ್ದದ್ದನ್ನೆಲ್ಲ ನಡುವೆ ತಳ್ಳಿದರು. ಕೊಡೆ ಬೇಕಿರಲಿಲ್ಲ, ಅವರ ಕೈಯಲ್ಲಿ ಏನೂ ಇಲ್ಲವೆಂದು ಮುಖದಲ್ಲೇ ಬರೆದಿತ್ತು. ನನ್ನ ಹತ್ತಿರ ಗೆಲ್ಲುವ ಎಲೆಗಳಿದ್ದವು. ನಾನು ಗೆದ್ದರೆ ಅವರು ಎದ್ದು ಹೋಗಬೇಕು, ಬೀಗ ಹಾಕಿದ ಮನೆಗೆ. ಯೋಚಿಸಲಿಲ್ಲ ಅಪ್ಪಾ, ಬೆರಳೇ ಎಲೆಗಳನ್ನು ಬೋರಲು ಹಾಕಿತು. "ಯಾಕಮ್ಮ ಬಿಟ್ಟೆ?" ಎಂದರು ತಾತ. "ನನ್ನ ಹತ್ತಿರ ಏನೂ ಇರಲಿಲ್ಲ ತಾತ" ಎಂದೆ. ದೀಪ ಹಚ್ಚುವವರೆಗೂ ಅವರು ಅಲ್ಲೇ ಕೂತಿದ್ದರು.

ಮೆಟ್ಟಿಲಿಳಿದು ಬೀದಿಗೆ ಬಂದೆ. ಟೈರುಗಳ ರಾಶಿಯ ಪಕ್ಕ ನಿಂತುಬಿಟ್ಟೆ. ಗೆಲ್ಲುವ ಎಲೆ ಬೋರಲು ಹಾಕುವಾಗ ಮನಸ್ಸಿನಲ್ಲಿ ಆಟ ಇರುವುದೇ ಇಲ್ಲ. ಎದುರಿನ ಮುಖ ಒಂದೇ ಇರುತ್ತದೆ. ಆ ದಿನ ನಿನ್ನ ಎದುರಿಗಿದ್ದ ಮುಖ ನನ್ನದು. ತೊಳೆದಿಟ್ಟ ತಟ್ಟೆ ಎಂದು ಊರೆಲ್ಲ ಹೇಳುವ ನನ್ನ ಮುಖವನ್ನು ನೀನು ಎಷ್ಟು ಸುಲಭವಾಗಿ ಓದಿದ್ದೆ! ಆ ರಾಜರನ್ನು ಕಂಡು ನಾನು ಹೆದರಿದ್ದೆ. ನಿನ್ನನ್ನು ಬಿಟ್ಟು ಹೋಗಬೇಕಲ್ಲ ಎಂದು. ಮೇಜಿನ ಆಸೆಯಿಂದ ನನಗೆ ಆ ಗೆಲುವು ಬೇಕಾಗಿರಲಿಲ್ಲ. ನಿನ್ನ ಮಂಚದ ಪಕ್ಕದ ಸ್ಟೂಲು ಬೇಕಾಗಿತ್ತು, ಅಷ್ಟೇ. ನೀನು ಅದನ್ನು ಕೊಟ್ಟೆ. ಮೂರು ತಿಂಗಳು ನಾನು ಅದರಲ್ಲಿ ಕೂತೆ. ಈಗ ಮಂಚ ಖಾಲಿ. ಆ ಗೆಲುವಿನಲ್ಲಿ ಇನ್ನು ಏನೂ ಉಳಿದಿಲ್ಲ.

ಶುಕ್ರವಾರ ಬೆಳಿಗ್ಗೆ ಮೇಡಂಗೆ ಫೋನ್ ಮಾಡಿ "ಬರ್ತೀನಿ" ಎಂದೆ. ಸಂತೋಷದಿಂದಲ್ಲ. ಓದಿದ್ದೆಲ್ಲ ಮರೆತಿದೆ, ಪಕ್ಕದಲ್ಲಿ ಕೂರುವವರೆಲ್ಲ ನನಗಿಂತ ಚಿಕ್ಕವರು, ಪಾಸಾಗುತ್ತೇನೆಂಬ ನೆಚ್ಚಿಕೆಯೂ ಇಲ್ಲ. ಮೇಜಿನ ಆಟ ನನಗೆ ಬರುತ್ತಿದ್ದಷ್ಟು ಚೆನ್ನಾಗಿ ಲೆಕ್ಕ ಎಂದೂ ಬಂದಿಲ್ಲ. ಆದರೆ ಒಂದು ಸಲ ಬೋರಲು ಹಾಕಿದ ಕೈ ಮತ್ತೆ ಮತ್ತೆ ಹಾಕುತ್ತದೆ, ಅಂಥ ಕೈಗೆ ಆ ಕಸುಬು ಅನ್ನ ಕೊಡುವುದಿಲ್ಲ. ಮನುಷ್ಯರ ಮುಖ ನೋಡಿದರೆ ಬರೀ ಮುಖ ಕಾಣುವ ದಿನ ಮತ್ತೆ ಬಂದರೆ ಸಾಕು. ಅತ್ತೆ ಖರ್ಚಿಗೆ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಡುತ್ತಾಳಂತೆ. "ನನ್ನ ಚಿಂತೆ ನಿನಗೆ ಬೇಡ. ನಾನು ಮಾತಾಡೋಕೆ ಶುರು ಮಾಡಿದ್ರೆ ಕಳ್ಳನೂ ಕಾಲಿಗೆ ಬಿದ್ದು ಹೋಗ್ತಾನೆ" ಎಂದಳು. ಆಮೇಲೆ ಬೀನ್ಸಿನ ಮೊರ ತೆಗೆದುಕೊಂಡು ಒಳಗೆ ಹೋದವಳು ಇನ್ನೂ ಹೊರಗೆ ಬಂದಿಲ್ಲ.

ಈ ಬೆಳಿಗ್ಗೆ ಕನ್ನಡಿಯ ಟವೆಲ್ ತೆಗೆದು ಒಗೆದು ಹಾಕಿದೆ. ನೀನು ಬಿದ್ದಂದಿನಿಂದ ಕತ್ತರಿ ಕಾಣದ ಕೂದಲು ಬೆನ್ನಿಗೆ ಬಂದಿದೆ. ಹಲ್ಲಿನ ಸಂದಿಯಲ್ಲಿ ಎಲೆಗಳ ಬಣ್ಣ ಹತ್ತಿರುವ ನಿನ್ನ ಬಾಚಣಿಗೆಯಿಂದ ಬಾಚಿಕೊಂಡೆ. ಬೈತಲೆ ಎಲ್ಲಿ ಎಂದು ಕೇಳುವವರಿಲ್ಲದೆ ಸುಮಾರು ಹೊತ್ತು ನಿಂತೆ, ಆಮೇಲೆ ನಾನೇ ತೆಗೆದೆ. ಸೊಟ್ಟಗೆ ಬಂತು.

ಬಸ್ಸಿಗೆ ಹೊತ್ತಾಯಿತು. ನೀನಿರುವಲ್ಲಿ ನಿನ್ನ ಬಲಗೈ ನಿನಗೆ ಮರಳಿ ಸಿಕ್ಕಿರಲಿ, ಬಾಯಿ ತುಂಬ ಮಾತಿರಲಿ. ಹೋಗಿ ಬರ್ತೀನಿ ಅಪ್ಪಾ.

ಸೊಟ್ಟ ಬೈತಲೆಯ,
ನಿನ್ನ ಜೋಡಿಸುಳಿ